ಆಪತ್ತಿನ ಅಭ್ಯಾಸವೂ ಭಾವದ ಅನುಕರಣೆಯೂ

ಮಂಗಳೂರು ನಗರದ ನಂತೂರು ಎಂಬಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಸುರತ್ಕಲ್ಲಿನ ಕಡೆಯ ಕಾರ್ಖಾನೆಗಳನ್ನೂ ಪಣಂಬೂರಿನ ಬಂದರನ್ನೂ ಹಾದು ಬರುವ 66ನೆಯ ಹೆದ್ದಾರಿಯನ್ನು ಮೂಡುಬಿದಿರೆ, ಕಾರ್ಕಳಗಳ ಕಡೆಗೆ ಹೊರಡುವ 169ನೆಯ ಹೆದ್ದಾರಿಯು ಇಲ್ಲಿ ಸಂಧಿಸುವುದರಿಂದ, ಅನಿಲ ತುಂಬಿದ ಟ್ಯಾಂಕರುಗಳೂ ಆಂಬುಲೆನ್ಸುಗಳೂ ಕಾಲೇಜಿನ ಮಕ್ಕಳನ್ನು ಹೊತ್ತ ಬಸ್ಸುಗಳೂ ಒಂದರ ದಾರಿಯನ್ನೊಂದು ಕಾಯುತ್ತ ನಿಲ್ಲುವುದು ಈ ಕೂಡುರಸ್ತೆಯ ನಿತ್ಯದ ನೋಟ. ಹೀಗಿರಲಾಗಿ, ಆಪತ್ತೆಂಬುದು ಇಲ್ಲಿಯವರಿಗೆ ಪುಸ್ತಕದ ಮಾತಲ್ಲ. 1984ರ ಭೋಪಾಲ ದುರಂತದ ತರುವಾಯ ಬಂದ 1989ರ ಅಪಾಯಕರ ರಾಸಾಯನಿಕಗಳ ನಿಯಮಗಳು, ಅಂಥ ಕಾರ್ಖಾನೆಗಳ ಒಳಗೆ ಆರು ತಿಂಗಳಿಗೊಮ್ಮೆಯೂ ಹೊರಗಿನ ಪ್ರದೇಶದಲ್ಲಿ ವರ್ಷಕ್ಕೊಮ್ಮೆಯಾದರೂ ಆಪತ್ತಿನ ಅಭ್ಯಾಸ ನಡೆಯಬೇಕೆಂದು ವಿಧಿಸಿವೆ. ವಿಮಾನನಿಲ್ದಾಣಗಳಲ್ಲಿ ಎರಡು ವರ್ಷಕ್ಕೆ ಮೀರದಂತೆ ಪೂರ್ಣಪ್ರಮಾಣದ ಅಭ್ಯಾಸವಾಗಬೇಕೆಂಬುದು ಅಂತಾರಾಷ್ಟ್ರೀಯ ಕಟ್ಟಳೆ. ನಮ್ಮ ಪತ್ರಿಕೆಗಳು ಇದನ್ನು 'ಅಣಕು ಕಾರ್ಯಾಚರಣೆ' ಎಂದು ಕರೆಯುತ್ತವೆ. ಅಣಕವೆಂದರೆ ಅನುಕರಣೆಯೂ ಹೌದು, ಗೇಲಿಯೂ ಹೌದು. ಹೆಸರಿಟ್ಟವರಿಗೆ ಈ ಎರಡನೆಯ ಅರ್ಥ ಹೊಳೆದಿತ್ತೋ ಇಲ್ಲವೋ, ನಾವು ಕಂಡ ಇಂಥ ಒಂದು ಕಾರ್ಯಾಚರಣೆಯಲ್ಲಿ ಮಾತ್ರ ಅದು ಚೆನ್ನಾಗಿ ಒಪ್ಪಿತ್ತು. ಗಾಯಾಳುವಾಗಿ ನೆಲದ ಮೇಲೆ ಮಲಗಿದ್ದ ವಿದ್ಯಾರ್ಥಿಯೊಬ್ಬನು ತನ್ನನ್ನು ಸ್ಟ್ರೆಚರಿಗೆ ಎತ್ತುವಾಗ ನಗುವನ್ನು ತಡೆಯಲಾರದೆ ಹೋದನು. ಎತ್ತುವವರೂ ನಕ್ಕರು. ಹಗ್ಗ, ಏಣಿ, ನೀರಿನ ಕೊಳವೆ, ಗಡಿಯಾರ ಎಲ್ಲವೂ ನಿಜವಾಗಿದ್ದವು, ಭಯವೊಂದೇ ಇರಲಿಲ್ಲ.

ಈ ಕೊರತೆಯನ್ನು ತುಂಬುವ ಯತ್ನವು ಕಳೆದ ಐವತ್ತು ಅರುವತ್ತು ವರ್ಷಗಳಿಂದ ಬೇರೊಂದು ರಂಗದಲ್ಲಿ ನಡೆದುಬಂದಿದೆ. ಗಣಕಯಂತ್ರದ ತೆರೆಯ ಮೇಲೆ ಮೂಡುವ ಕಲ್ಪಿತ ಪಾತ್ರಗಳಿಗೆ ಭಯ, ದುಃಖ, ಕೋಪಗಳನ್ನು ಕೊಟ್ಟು, ಸೈನಿಕರು, ವೈದ್ಯರು, ಅಗ್ನಿಶಾಮಕದವರು ಮೊದಲಾದವರಿಗೆ ಅವುಗಳ ಎದುರಿನಲ್ಲಿ ತರಬೇತಿ ಕೊಡುವ ವಿದ್ಯೆಯದು. ಪ್ರಕೃತ ಲೇಖನದಲ್ಲಿ ಆ ವಿದ್ಯೆಯ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಿ, ನಮ್ಮ ಊರಿನ ಒಂದು ದುರಂತದ ದಾಖಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಲು ಯತ್ನಿಸಿದ್ದೇವೆ. ಇದು ಯಂತ್ರಶಾಸ್ತ್ರದವರ ವಿಷಯವಲ್ಲವೇ, ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಗತಿಸಿದವರ ಮನಸ್ಸಿನಲ್ಲಿ ಏನಿದ್ದಿತೆಂದು ಅಳಿದುಳಿದ ಕುರುಹುಗಳಿಂದ ಊಹಿಸುವುದೇ ನಮ್ಮ ಕಸುಬಾದುದರಿಂದ, ಕೆಲಸ ಉಂಟೆಂದೇ ನಮ್ಮ ನಂಬಿಕೆ.

ಆಪತ್ತನ್ನು ಮುಂಚಿತವಾಗಿ ಆಡಿ ನೋಡುವ ಪದ್ಧತಿ ಹೊಸದಲ್ಲ. ಪ್ರಷ್ಯಾದ ಸೈನ್ಯಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಿ ನಕ್ಷೆಯ ಮೇಲೆ ತುಂಡುಗಳನ್ನು ನಡೆಸಿ ದಾಳ ಹಾಕುತ್ತಿದ್ದರು. ಅದೃಷ್ಟಕ್ಕೆ ಅಲ್ಲಿ ದಾಳವಿದ್ದಿತು, ಸೈನಿಕನ ಎದೆಗುಂದುವಿಕೆಗೆ ಮುಖವಿರಲಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದ ವಿಮಾನಶಿಕ್ಷಣದ ಯಂತ್ರದಲ್ಲಿ ಚಾಲಕನೊಬ್ಬನೇ ಕುಳಿತುಕೊಳ್ಳುತ್ತಿದ್ದನು. ಎರಡನೆಯ ಮನುಷ್ಯನೇ ಇಲ್ಲದಲ್ಲಿ ಭಾವದ ಪ್ರಶ್ನೆ ಏಳದು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಲೇರ್ಡಾಲ್, ಉಸಿರು ನಿಂತವರಿಗೆ ಬಾಯಿಯಿಂದ ಉಸಿರು ಕೊಡುವುದನ್ನು ಕಲಿಸಲೆಂದು ಒಂದು ಗೊಂಬೆಯನ್ನು ಮಾಡಿದನು. ಅದರ ಮುಖವನ್ನು ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿದಳೆಂದು ಪ್ರತೀತಿಯಿರುವ ಅನಾಮಧೇಯ ತರುಣಿಯೊಬ್ಬಳ ಮುಖದ ಅಚ್ಚನ್ನು ಅನುಸರಿಸಿ ರೂಪಿಸಿದ್ದು. ಆ ಮುಖದಲ್ಲಿ ಇರುವುದು ಭಯವಲ್ಲ, ಮಂದಹಾಸದಂಥ ಒಂದು ಶಾಂತಿ. ಲೋಕದ ಲಕ್ಷಾಂತರ ಜನರು ಪ್ರಾಣ ಉಳಿಸುವ ವಿದ್ಯೆಯನ್ನು ಈ ಶಾಂತಮುಖದ ಮೇಲೆ ಬಗ್ಗಿ ಕಲಿತರೆಂಬುದು ವಿಚಿತ್ರವೆನಿಸಿದರೂ ನಿಜ. ಮೂರು ವರ್ಷಗಳ ಅನಂತರ, 1963ರಲ್ಲಿ, ಲಾಸ್ ಏಂಜಲೀಸಿನ ವೈದ್ಯಶಿಕ್ಷಕ ಹವರ್ಡ್ ಬ್ಯಾರೋಸ್ ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದನು. ಅಲ್ಲಿಂದ ಮುಂದೆ ತರಬೇತಿಯ ಪಾತ್ರವು ನೋವನ್ನು ನಟಿಸಲು ತೊಡಗಿತು.

ಯಂತ್ರವು ಮಾತಾಡಲು ಕಲಿತದ್ದೂ ಅದೇ ದಶಕದಲ್ಲಿ. 1966ರಲ್ಲಿ ವೈಜೆನ್‌ಬಾಮ್ ಪ್ರಕಟಪಡಿಸಿದ 'ಎಲೈಜಾ' ಎಂಬ ಪ್ರೋಗ್ರಾಂ, ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಅದಕ್ಕೆ ಒಳಗೆ ಭಾವವೆಂಬುದು ಸ್ವಲ್ಪವೂ ಇರಲಿಲ್ಲ. ಆದರೂ ಅದರೊಡನೆ ಮಾತಿಗೆ ಕುಳಿತ ಅವರ ಕಾರ್ಯದರ್ಶಿನಿಯು, ತಾನು ಏಕಾಂತವಾಗಿ ಮಾತಾಡಬೇಕಾಗಿದೆ, ತಾವು ಕೊಠಡಿಯಿಂದ ಹೊರಗೆ ಹೋಗಬೇಕೆಂದು ವೈಜೆನ್‌ಬಾಮರನ್ನೇ ಕೇಳಿಕೊಂಡಳಂತೆ. ಇದಕ್ಕೆ ಪ್ರತಿಯಾಗಿ, ಮನೋವೈದ್ಯ ಕೆನೆತ್ ಕೋಲ್ಬಿ 1972ರ ಸುಮಾರಿಗೆ ರಚಿಸಿದ 'ಪ್ಯಾರಿ' ಎಂಬುದು ಸಂಶಯರೋಗಿಯೊಬ್ಬನ ಮಾದರಿ. ಈ ವಿದ್ಯೆಯ ನಿಜವಾದ ಆರಂಭವನ್ನು ನಾವು ಇಲ್ಲಿ ಗುರುತಿಸುತ್ತೇವೆ. ಏಕೆಂದರೆ ಪ್ಯಾರಿಯೊಳಗೆ ಭಯ, ಕೋಪ, ಅವಿಶ್ವಾಸ ಎಂಬ ಮೂರಕ್ಕೆ ಮೂರು ಅಂಕಿಗಳನ್ನು ಇಟ್ಟಿದ್ದರು. ಪ್ರಶ್ನಿಸುವವನ ಮಾತು ಚುಚ್ಚಿದರೆ ಅಂಕಿ ಏರುವುದು, ಮಾತು ತಣ್ಣಗಾದರೆ ಇಳಿಯುವುದು, ಉತ್ತರವು ಅಂಕಿಗೆ ತಕ್ಕಂತೆ ಬರುವುದು. ಸಂಭಾಷಣೆಯ ಲಿಖಿತ ಪ್ರತಿಗಳನ್ನು ಓದಿದ ಮನೋವೈದ್ಯರು ಯಾವುದು ಯಂತ್ರ, ಯಾವುದು ರೋಗಿ ಎಂದು ಹೇಳುವಲ್ಲಿ ನಾಣ್ಯ ಚಿಮ್ಮಿ ಹೇಳುವವರಿಗಿಂತ ಮೇಲಾಗಲಿಲ್ಲ. ಮನುಷ್ಯನ ಭಯವು ಮೊದಲ ಬಾರಿಗೆ ಒಂದು ಅಂಕಿಯಾಗಿ ಮಾತಾಡಿತು.

ಇದರ ಮುಂದಿನ ಘಟ್ಟವನ್ನು ಬೇಗನೆ ಹೇಳಿ ಮುಗಿಸಬಹುದು. 1988ರಲ್ಲಿ ಆರ್ಟನಿ, ಕ್ಲೋರ್, ಕಾಲಿನ್ಸ್ ಎಂಬ ಮೂವರು ವಿದ್ವಾಂಸರು ಭಾವಗಳನ್ನು 22 ಬಗೆಯಾಗಿ ವಿಂಗಡಿಸಿದರು. ಘಟನೆಯ ಫಲ, ವ್ಯಕ್ತಿಯ ನಡತೆ, ವಸ್ತುವಿನ ಗುಣ ಎಂಬ ಮೂರನ್ನು ಕುರಿತು ಮನಸ್ಸು ಕೊಡುವ ಇಷ್ಟಾನಿಷ್ಟದ ತೀರ್ಪೇ ಭಾವವೆಂಬುದು ಅವರ ಮತ. ಯಂತ್ರವು ಭಾವವನ್ನು ಅನುಭವಿಸಬಲ್ಲುದೆಂದು ಅವರು ಹೇಳಲಿಲ್ಲ. ಭಾವದ ವಿಷಯವಾಗಿ ತರ್ಕಿಸಬಲ್ಲುದೆಂದರು. ಗ್ರಂಥವು ಗಣಕಶಾಸ್ತ್ರಜ್ಞರಿಗೆ ತುಂಬ ಅನುಕೂಲವಾಯಿತು, ಏಕೆಂದರೆ ಅದರ ವಿಂಗಡಣೆ ಬಹುಮಟ್ಟಿಗೆ ನಿಯಮಗಳ ರೂಪದಲ್ಲೇ ಇದ್ದಿತು. 1994ರಲ್ಲಿ ಜೋಸೆಫ್ ಬೇಟ್ಸ್, ಪಾತ್ರವು ನಂಬುವಂತೆ ಇರಬೇಕಾದರೆ ಭಾವ ಬೇಕೇಬೇಕು, ಇದನ್ನು ವ್ಯಂಗ್ಯಚಿತ್ರಗಳಿಗೆ ಜೀವ ಕೊಟ್ಟ ಡಿಸ್ನಿಯ ಕಲಾವಿದರಿಂದ ಕಲಿಯಬೇಕು ಎಂದು ವಾದಿಸಿದನು. 1997ರಲ್ಲಿ ರೋಸಲಿಂಡ್ ಪಿಕಾರ್ಡಳ ಗ್ರಂಥವು ಈ ಕ್ಷೇತ್ರಕ್ಕೆ ಒಂದು ಹೆಸರನ್ನೇ ಕೊಟ್ಟಿತು.

ಆಪತ್ತಿನ ತರಬೇತಿಯೂ ಭಾವದ ಮಾದರಿಯೂ ಒಂದೆಡೆ ಕೂಡಿದುದು ಅಮೆರಿಕದ ಸೈನ್ಯದ ನೆರವಿನಿಂದ 1999ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಸಂಸ್ಥೆಯಲ್ಲಿ. ಅಲ್ಲಿ ರಚಿತವಾದ ಒಂದು ಅಭ್ಯಾಸದ ಕಥೆ ಹೀಗಿದೆ. ಬಾಸ್ನಿಯದ ಹಳ್ಳಿಯೊಂದರಲ್ಲಿ ಸೈನ್ಯದ ವಾಹನವೂ ಊರವರ ಕಾರೂ ಡಿಕ್ಕಿಯಾಗಿ ಬಾಲಕನೊಬ್ಬನು ಗಾಯಗೊಂಡು ಬಿದ್ದಿದ್ದಾನೆ, ತಾಯಿ ಅವನ ಪಕ್ಕದಲ್ಲಿ ಕುಳಿತಿದ್ದಾಳೆ, ಜನ ಸೇರುತ್ತಿದ್ದಾರೆ, ಇತ್ತ ಇನ್ನೊಂದು ಕಡೆಯ ತುಕಡಿಯು ಸಹಾಯಕ್ಕೆ ಬನ್ನಿರೆಂದು ಕರೆಯುತ್ತಿದೆ. ತರಬೇತಿ ಪಡೆಯುವ ತರುಣ ಅಧಿಕಾರಿಯೊಬ್ಬನೇ ನಿಜವಾದ ಮನುಷ್ಯ, ಉಳಿದವರೆಲ್ಲ ತೆರೆಯ ಮೇಲಿನ ಪಾತ್ರಗಳು. ಈ ತಾಯಿಯ ಮನಸ್ಸನ್ನು ನಿರ್ಮಿಸಿದವರು ಜೊನಾಥನ್ ಗ್ರಾಚ್ ಮತ್ತು ಸ್ಟೇಸಿ ಮಾರ್ಸೆಲ್ಲಾ. ಅವರ ಮಾದರಿಯಲ್ಲಿ ಪಾತ್ರವು ಪ್ರತಿಯೊಂದು ಘಟನೆಯನ್ನೂ ಅಳೆಯುತ್ತದೆ: ಇದು ನನ್ನ ಇಷ್ಟಕ್ಕೆ ಅನುಕೂಲವೋ ಪ್ರತಿಕೂಲವೋ, ಆಗುವ ಸಂಭವವೆಷ್ಟು, ಇದಕ್ಕೆ ಹೊಣೆ ಯಾರು, ನನ್ನ ಕೈಲಿ ಏನಾದರೂ ಆದೀತೆ? ಸೈನಿಕರು ಹೊರಟು ನಿಂತರೆಂದರೆ ಮಗನು ಉಳಿಯುವ ಸಂಭವ ಕುಗ್ಗುತ್ತದೆ, ಹೊಣೆ ಸೈನಿಕರ ಮೇಲೆ ಬೀಳುತ್ತದೆ, ತಾಯಿಯ ಭಯವು ಕೋಪಕ್ಕೆ ತಿರುಗುತ್ತದೆ. ಬರೆದಿಟ್ಟ ಸಂಭಾಷಣೆಯಿಂದ ಹೊರಡದೆ ಲೆಕ್ಕದಿಂದ ಹೊರಡುವ ಕೋಪವಿದು. ಅಷ್ಟಕ್ಕೇ ನಿಲ್ಲದೆ, ಎದ್ದ ಭಾವವನ್ನು ಪಾತ್ರವು ಹೇಗೆ ತಾಳಿಕೊಳ್ಳುತ್ತದೆ, ಎಂದರೆ ಪರರನ್ನು ದೂರುವುದೋ, ಆಸೆಯನ್ನು ಬಿಡುವುದೋ, ಕಂಡೂ ಕಾಣದಂತೆ ಇರುವುದೋ, ಎಂಬುದನ್ನೂ ಅವರು ಮಾದರಿಯಲ್ಲಿ ತಂದರು. ಈ ಎರಡನೆಯ ಅಂಶವೇ ಅವರ ಹೆಚ್ಚಿನ ಸಾಧನೆಯೆಂದು ನಮಗೆ ತೋರುತ್ತದೆ.

ಇದನ್ನು ಓದುವ ಕನ್ನಡ ವಿದ್ಯಾರ್ಥಿಗೆ ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ನೆನಪು ಬಂದೇ ಬರುತ್ತದೆ. ಭರತನ ನಾಟ್ಯಶಾಸ್ತ್ರವು ಎಂಟು ಸ್ಥಾಯಿಗಳನ್ನೂ, ಮೂವತ್ತಮೂರು ವ್ಯಭಿಚಾರಿಗಳನ್ನೂ, ಎಂಟು ಸಾತ್ತ್ವಿಕಗಳನ್ನೂ ಹೆಸರಿಸಿ, ಪ್ರತಿಯೊಂದಕ್ಕೂ ಕಾರಣವೇನು, ಹೊರಗೆ ಕಾಣುವ ಕುರುಹೇನು ಎಂದು ಹೇಳುತ್ತದೆ. ನಮ್ಮ ಕರಾವಳಿಯಲ್ಲಿಯೇ, ಸಂಗೀತಪುರವೆನಿಸಿದ ಹಾಡುವಳ್ಳಿಯ ಅರಸ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಜೈನಕವಿ ಸಾಳ್ವನು 16ನೆಯ ಶತಮಾನದಲ್ಲಿ 'ರಸರತ್ನಾಕರ'ವೆಂಬ ರಸಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. 1953ರಲ್ಲಿ ಪ್ರಕಟವಾದ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯು ಈ ವಿಚಾರವನ್ನು ನಮ್ಮ ಕಾಲೇಜುಗಳಿಗೆ ತಂದಿತು. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂಬ ವಾದ ನಮ್ಮದಲ್ಲ; ಭರತನು ನಟನಿಗಾಗಿ ಬರೆದನು, ಯಂತ್ರಕ್ಕಾಗಿ ಅಲ್ಲ. ಆದರೆ ಎರಡು ಪಟ್ಟಿಗಳನ್ನು ಹೋಲಿಸಿದರೆ ಒಂದು ಭೇದ ಕಣ್ಣಿಗೆ ಬೀಳುತ್ತದೆ. ಅಮೆರಿಕದ 22ರಲ್ಲಿ ಸಂತೋಷ, ಭಯ, ಲಜ್ಜೆ, ಕೃತಜ್ಞತೆ ಮುಂತಾದುವು ಇವೆ. ಭರತನ ಮೂವತ್ತಮೂರರಲ್ಲಿ ಶ್ರಮ, ಆಲಸ್ಯ, ಜಡತೆ, ನಿದ್ರೆ, ಸುಪ್ತ, ವಿಬೋಧ ಎಂದರೆ ಎಚ್ಚರಗೊಳ್ಳುವಿಕೆ, ಔತ್ಸುಕ್ಯ, ವಿತರ್ಕ, ಅವಹಿತ್ಥ ಎಂದರೆ ಒಳಗಿನ ಭಾವವನ್ನು ಹೊರಗೆ ತೋರಗೊಡದಿರುವುದು, ಇವೂ ಇವೆ. ನಿದ್ರೆಯನ್ನು ಭಾವವೆನ್ನಬಹುದೆ? ತರ್ಕದ ಕಣ್ಣಿನಿಂದ ಆ ಮೂವರು ವಿದ್ವಾಂಸರು ಅದನ್ನು ಹೊರಗಿಟ್ಟದ್ದೇ ಸರಿ, ನಿದ್ರೆಯು ಇಷ್ಟಾನಿಷ್ಟದ ತೀರ್ಪಲ್ಲ. ಆದರೆ ರಂಗದ ಮೇಲೆ ನಿಂತವನ ನಡತೆಯನ್ನು ಯಾವುದೆಲ್ಲ ಬದಲಿಸುತ್ತದೆಯೋ ಅದೆಲ್ಲವನ್ನೂ ಭರತನು ಕೂಡಿಸಿಕೊಂಡನು.

ಈ ಭೇದವು ಪಂಡಿತರ ಕೂದಲು ಸೀಳುವಿಕೆಯಲ್ಲವೆಂಬುದನ್ನು ಮಂಗಳೂರಿನ ದುರಂತವು ತೋರಿಸುತ್ತದೆ. 2010ನೆಯ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯ ಎಕ್ಸ್‌ಪ್ರೆಸ್ ವಿಮಾನವು ಬಜಪೆಯ ಗುಡ್ಡದ ನೆತ್ತಿಯ ಮೇಲಿನ ನಿಲ್ದಾಣದಲ್ಲಿ ಇಳಿದು, ಓಡುದಾರಿಯನ್ನು ದಾಟಿ, ಕೆಂಜಾರಿನ ಕಡೆಯ ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಗುರುತು ಹತ್ತದ ಕೆಲವರ ದೇಹಗಳನ್ನು ಕೂಳೂರಿನ ಬಳಿ ಹೊಳೆಯ ದಡದಲ್ಲಿ ಮಣ್ಣುಮಾಡಿದರು. ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯದ ವರದಿಯು ಈಗ ಸಾರ್ವಜನಿಕ ದಾಖಲೆ. ಅದರಿಂದ ತಿಳಿದುಬರುವುದಿಷ್ಟು: ವಿಮಾನದ ನಾಯಕನು ದಾರಿಯಲ್ಲಿ ದೀರ್ಘಕಾಲ ನಿದ್ರಿಸಿದ್ದನು, ಎಚ್ಚತ್ತ ಮೇಲೂ ನಿದ್ರೆಯ ಜಡತೆ ಅವನ ವಿವೇಚನೆಯನ್ನು ಮಸುಕುಮಾಡಿರಬಹುದು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಸಮೀಪಿಸಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕನು ಮೂರು ಸಲ ಕರೆದು ಹೇಳಿದನು. ಎಚ್ಚರಿಕೆಯ ಯಂತ್ರವೂ ಕೂಗಿತು. ನಾಯಕನು ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ಓಡುದಾರಿಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು.

ವರದಿಯ ಒಂದು ಮಾತು ನಮ್ಮ ವಿಷಯಕ್ಕೆ ಮರ್ಮಸ್ಥಾನದಂತಿದೆ. ಸಹಚಾಲಕನು ಬಾರಿಬಾರಿಗೂ ಹೇಳಿದನು, ಆದರೆ ವಿಮಾನದ ನಿಯಂತ್ರಣವನ್ನು ತಾನು ತೆಗೆದುಕೊಳ್ಳಲಿಲ್ಲ. ಸಹಚಾಲಕನು ಹಾಗೆ ಮಾಡಬಹುದೆಂಬ ಸೂಚನೆಗಳಲ್ಲಿದ್ದ ಅಸ್ಪಷ್ಟತೆಯೇ ಬಹುಶಃ ಇದಕ್ಕೆ ಕಾರಣ ಎಂಬುದು ಅದರ ತಾತ್ಪರ್ಯ. ಮಾತು ಹೊರಟಿತು, ಕೈ ಹೊರಡಲಿಲ್ಲ. ಆ ನಡುವಿನ ಕ್ಷಣಗಳಲ್ಲಿ ಇದ್ದುದೇನು? ಹಿರಿಯನ ಎದುರಿನ ಸಂಕೋಚವೆ, ನಿಯಮದ ಸಂಶಯವೆ, ಇನ್ನೂ ಸರಿಹೋದೀತೆಂಬ ಆಸೆಯೆ? 1977ನೆಯ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮಡಿದಾಗಲೂ ಹೀಗೆಯೇ ಆಗಿತ್ತು. ದಾರಿ ತೆರವಾಗಿದೆಯೆ ಎಂದು ಒಬ್ಬ ಕಿರಿಯನು ಸಂಶಯದಿಂದ ಕೇಳಿದ್ದನು, ಹಿರಿಯನು ಹೌದೆಂದು ಮುಂದುವರಿದನು. ಆ ಬಳಿಕ 1979ರಿಂದ, ಕಿರಿಯರು ದನಿಯೆತ್ತುವುದನ್ನೂ ಹಿರಿಯರು ಕಿವಿಗೊಡುವುದನ್ನೂ ಕಲಿಸುವ ತರಬೇತಿಯು ವಿಮಾನಲೋಕದಲ್ಲಿ ಬೆಳೆಯಿತು. ಈ ತರಬೇತಿಗೆ ಕಲ್ಪಿತ ಪಾತ್ರವೊಂದನ್ನು ಮಾಡುವುದಾದರೆ, ಅದು ಅಳುವ ತಾಯಿಯಾಗದೆ, ಸುಮ್ಮನೆ ಕುಳಿತಿರುವ ನಾಯಕನಾಗಬೇಕು. ಅವನ ಮುಖದಲ್ಲಿ ಭಯವಿಲ್ಲ, ಕೋಪವಿಲ್ಲ. ಶ್ರಮ, ವಿಬೋಧ, ಜಡತೆ, ಗರ್ವಗಳೆಂಬ ಸಂಚಾರಿಗಳು ಒಳಗೊಳಗೇ ಹಾಯುತ್ತಿವೆ. ಈವರೆಗಿನ ಮಾದರಿಗಳು ಗಟ್ಟಿಯಾಗಿ ಕೂಗುವ ಭಾವಗಳಿಗೆ ಹೆಚ್ಚು ಸ್ಥಳ ಕೊಟ್ಟಿವೆ, ಏಕೆಂದರೆ ಅವುಗಳ ಅನುಭಾವವನ್ನು ತೆರೆಯ ಮೇಲೆ ಬಿಡಿಸುವುದು ಸುಲಭ. ಆಪತ್ತನ್ನು ತಂದೊಡ್ಡುವ ಭಾವಗಳಾದರೋ ಅನೇಕ ಸಲ ಮುಖವಿಲ್ಲದವು.

ಜನಸಮೂಹದ ವಿಷಯದಲ್ಲಿಯೂ ಇದೇ ತಪ್ಪು ಬೇರೊಂದು ರೂಪದಲ್ಲಿ ಕಾಣುತ್ತದೆ. ಆಪತ್ತೆಂದೊಡನೆ ಜನರು ದಿಕ್ಕುಗೆಟ್ಟು ಓಡುವರೆಂಬುದು ಸಿನಿಮಾದ ನಂಬಿಕೆ. ಆದರೆ ಸಮಾಜಶಾಸ್ತ್ರಜ್ಞ ಕ್ವಾರಂಟೆಲ್ಲಿ 1954ರಿಂದಲೇ, ಅಂಥ ದಿಕ್ಕುಗೇಡು ಅಪರೂಪವೆಂದು ತೋರಿಸುತ್ತ ಬಂದನು; 1957ರಲ್ಲಿ ಫ್ರಿಟ್ಜ್ ಮತ್ತು ಮ್ಯಾಥ್ಯೂಸನ್, ಹೊರಗೆ ಓಡುವವರಿಗಿಂತ ಒಳಗೆ ನುಗ್ಗಿ ಬರುವವರೇ ದೊಡ್ಡ ಸಮಸ್ಯೆಯೆಂದು ನಿರೂಪಿಸಿದರು. ಕೆಂಜಾರಿನಲ್ಲಿ ಮೊದಲು ಓಡಿಬಂದವರು ಸುತ್ತಲಿನ ಗ್ರಾಮಸ್ಥರು, ಅದೂ ಉರಿಯುವ ವಿಮಾನದ ಕಡೆಗೆ. ಅನಿಲದ ಟ್ಯಾಂಕರು ಉರುಳಿದಲ್ಲಿಯಾದರೋ ಈ ಔತ್ಸುಕ್ಯವೇ ಪ್ರಾಣಕ್ಕೆ ಎರವಾಗಬಲ್ಲುದು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರು ಮಗುಚಿ ಹೊತ್ತಿಕೊಂಡು ರಸ್ತೆಬದಿಯ ಮನೆಗಳನ್ನೂ ಸುಟ್ಟ ಅನಾಹುತವನ್ನು ಈ ಜಿಲ್ಲೆ ಮರೆತಿಲ್ಲ. ನಂತೂರಿನಲ್ಲಿ ಅಂಥದೇನಾದರೂ ಆದರೆ ಜನರು ಓಡುವರೋ, ಮೊಬೈಲು ಹಿಡಿದು ಹತ್ತಿರ ಬರುವರೋ? ತೆರೆಯ ಮೇಲಿನ ಜನಸಮೂಹಕ್ಕೆ ಭಯದ ಅಂಕಿಯನ್ನು ಮಾತ್ರ ಕೊಟ್ಟು ತರಬೇತಿ ಮಾಡಿದ ಪೊಲೀಸಿನವನು, ಓಡುವವರನ್ನು ತಡೆಯಲು ಸಿದ್ಧನಾಗಿ ಬಂದು, ನೋಡಲು ಬರುವವರ ಮುಂದೆ ಕೈಚೆಲ್ಲಿ ನಿಲ್ಲಬೇಕಾದೀತು.

ಒಪ್ಪತಕ್ಕ ಒಂದು ಆಕ್ಷೇಪವುಂಟು. ರಸಸಿದ್ಧಾಂತದಲ್ಲಿ ಪ್ರೇಕ್ಷಕನು ಏನನ್ನೂ ಮಾಡಬೇಕಾಗಿಲ್ಲ. ರಂಗದ ಮೇಲಿನ ಶೋಕವು ಯಾರೊಬ್ಬರದೂ ಅಲ್ಲದೆ ಸಾಧಾರಣೀಕರಣ ಹೊಂದುವುದರಿಂದಲೇ ಅವನಿಗೆ ಆಸ್ವಾದ. ತರಬೇತಿಗೆ ಕುಳಿತವನು ಸಹೃದಯನಾಗಿ ಆಸ್ವಾದಿಸುತ್ತ ಕೂತರೆ ಬಾಲಕನು ಸಾಯುತ್ತಾನೆ. ಆದುದರಿಂದ ಪೂರ್ಣ ಸಾಮ್ಯವನ್ನು ನಾವು ಹೇಳುವಂತಿಲ್ಲ. ಹತ್ತಿರದ ಸಾಮ್ಯವನ್ನು ಹುಡುಕುವುದಾದರೆ ಈ ಜಿಲ್ಲೆಯ ತಾಳಮದ್ದಳೆಯನ್ನು ನೋಡಬೇಕು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಮಾತಿಗೆ ತೊಡಗುತ್ತಾರೆ. ಪ್ರಸಂಗದ ಕಥೆ ಗೊತ್ತು, ಮಾತು ಮಾತ್ರ ಯಾರೂ ಬರೆದುಕೊಟ್ಟದ್ದಲ್ಲ. ಎದುರಿನ ಅರ್ಥಧಾರಿ ಏನು ಹೇಳುವನೋ ಮೊದಲೇ ತಿಳಿಯದು, ತಿಳಿಯದಿದ್ದರೂ ತನ್ನ ಪಾತ್ರದ ಸ್ವಭಾವ ಕೆಡದಂತೆ ಆ ಕ್ಷಣದಲ್ಲಿ ಉತ್ತರ ಕೊಡಬೇಕು. ಕರ್ಣನ ಅರ್ಥ ಹೇಳುವವನು ಕೃಷ್ಣನ ಮಾತಿಗೆ ಕರಗಬಹುದು, ಆದರೆ ಪಕ್ಷ ಬದಲಿಸುವಷ್ಟು ಕರಗಕೂಡದು. ಸ್ಥಾಯಿಯು ನಿಂತಿರಬೇಕು, ಸಂಚಾರಿಗಳು ಎದುರಿನ ಮಾತಿಗೆ ತಕ್ಕಂತೆ ಹಾಯಬೇಕು. ಬಾಸ್ನಿಯದ ಆ ತಾಯಿಯಿಂದ ಅವಳ ನಿರ್ಮಾಪಕರು ಬಯಸಿದ್ದು ಇದನ್ನೇ ಅಲ್ಲದೆ ಬೇರೆಯಲ್ಲ. ನಮ್ಮ ಅಣಕು ಕಾರ್ಯಾಚರಣೆಗಳಲ್ಲಿ ಗಾಯಾಳುವಿನ ತಾಯಿಯಾಗಿ, ಮುನಿದ ಊರವನಾಗಿ, ಮಾತಿಗೆ ಬಗ್ಗದ ಮೇಲಧಿಕಾರಿಯಾಗಿ ಅನುಭವಸ್ಥ ಅರ್ಥಧಾರಿಗಳನ್ನು ಕರೆದು ಕೂರಿಸಿದರೆ, ಬೆಲೆಬಾಳುವ ಯಂತ್ರ ಬರುವ ತನಕ ಕೆಲಸ ಚೆನ್ನಾಗಿಯೇ ನಡೆದೀತು. ಇದನ್ನು ವಿನೋದಕ್ಕೆ ಹೇಳುತ್ತಿಲ್ಲ.

ಇತ್ತೀಚಿನ ಕೆಲವು ವರ್ಷಗಳಲ್ಲಿ, ಅಪಾರ ಬರೆಹಗಳಿಂದ ಮಾತನ್ನು ಕಲಿತ ಭಾಷಾಮಾದರಿಗಳು ಇಂಥ ಪಾತ್ರಗಳ ಬಾಯಿಗೆ ಬಂದಿವೆ. ಅವುಗಳ ಮಾತು ಪ್ಯಾರಿಯ ಮಾತಿಗಿಂತ ಎಷ್ಟೋ ಪಾಲು ಸಹಜ. ಆದರೆ ಪ್ಯಾರಿಯ ಭಯ ಎಷ್ಟೆಂದು ಕೇಳಿದರೆ ಕೋಲ್ಬಿಯು ಅಂಕಿಯನ್ನು ತೋರಿಸಬಲ್ಲವನಾಗಿದ್ದನು. ಇಲ್ಲಿ ಹಾಗೆ ತೋರಿಸುವಂಥ ಅಂಕಿ ಬೇರೆಯಾಗಿ ಇರುವುದಿಲ್ಲ. ಅಂಕಿಯು ತಪ್ಪಿದ್ದರೂ ಅದನ್ನು ಪ್ರಶ್ನಿಸಬಹುದಾಗಿತ್ತು. ಇತಿಹಾಸಕಾರನಿಗೆ ಇನ್ನೊಂದು ಅನುಕೂಲವಿದೆ. ದಾಖಲೆ ಮೌನವಾಗಿರುವಲ್ಲಿ ಅವನೂ ಮೌನವಾಗಿರಬಹುದು. 'ಬಹುಶಃ' ಎಂದು ಬರೆಯಬಹುದು, ಗೋಖಲೆಯವರ ವರದಿಯೂ ಹಾಗೆಯೇ ಬರೆಯಿತು. ಪಾತ್ರವನ್ನು ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಕಲ್ಪಿತ ಸಹಚಾಲಕನು ನಾಲ್ಕನೆಯ ಕ್ಷಣದಲ್ಲಿ ಕೈ ಚಾಚುವನೋ ಇಲ್ಲವೋ ಎಂಬುದನ್ನು ಅವನು ತೀರ್ಮಾನಿಸಲೇಬೇಕು, ಆ ತೀರ್ಮಾನದ ಎದುರಿನಲ್ಲಿ ನಾಳಿನ ಚಾಲಕರು ಕಲಿಯುತ್ತಾರೆ.

ಕಳೆದ ಸಾಲಿನಲ್ಲಿ ನಮ್ಮ ತರಗತಿಯ ವಿದ್ಯಾರ್ಥಿಗಳಿಗೆ ಆ ವರದಿಯ ಸಂಬಂಧಪಟ್ಟ ಭಾಗವನ್ನು ಓದಲು ಕೊಟ್ಟು, ಮೂರು ಕರೆಗಳಿಗೂ ಭಯ, ಸಂಕೋಚ, ಆಸೆ ಎಂಬ ಮೂರು ಮನೆಗಳಿರುವ ಒಂದು ಪಟ್ಟಿಯನ್ನು ಮಾಡಿ, ಹತ್ತರೊಳಗಿನ ಅಂಕಿಗಳನ್ನು ತುಂಬಲು ಹೇಳಿದೆವು. ಬಹುಮಂದಿ ಮೊದಲಿನಿಂದ ಕೊನೆಗೆ ಏರುತ್ತ ಹೋಗುವ ಭಯವನ್ನು ಬರೆದರು. ಒಬ್ಬನು ಸಂಕೋಚಕ್ಕೆ ಮೂರು ಕಡೆಯೂ ಹತ್ತು ಕೊಟ್ಟು, ತನ್ನ ಮನೆಯ ಹಿರಿಯರ ಮುಂದೆ ತಾನು ಹಾಗೆಯೇ ಎಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದನು. ಒಬ್ಬಾಕೆ ಒಂಬತ್ತು ಮನೆಗಳನ್ನೂ ಖಾಲಿ ಬಿಟ್ಟು, ಕೆಳಗೆ ಸೂಚನೆಗಳ ಅಸ್ಪಷ್ಟತೆ ಎಂದು ಹತ್ತನೆಯ ಮನೆಯೊಂದನ್ನು ತಾನೇ ಗೆರೆ ಎಳೆದು ಮಾಡಿ, ಅದರಲ್ಲಿಯೂ ಅಂಕಿ ಬರೆಯದೆ ಹಿಂದಿರುಗಿಸಿದ್ದಳು. ಆ ಹಾಳೆಗಳನ್ನು ನಾವು ವಿಭಾಗದಲ್ಲಿ ಕಾದಿರಿಸಿದ್ದೇವೆ. ನೋಡಬಯಸುವ ಅಧ್ಯಾಪಕರಿಗೆ ತೋರಿಸಲು ಅಡ್ಡಿಯಿಲ್ಲ.